ಯಾ ಫ್ರೆಮಾಳ ಮುಚ್ಚಳದ ಬೋಗುಣಿ

ನಮ್ಮ ಓಡುಮಾಸೆ ಊರಿನಲ್ಲಿ ಹೆಂಡತಿ ಇದ್ದೂ ಇನ್ನೊಬ್ಬಳನ್ನು ಕಟ್ಟಿಕೊಂಡ ಗಂಡಸರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ನಾನೂ ಒಬ್ಬ. ಗಂಡನನ್ನು ಬಿಟ್ಟು ಬೇರೊಬ್ಬನನ್ನು ಕಟ್ಟಿಕೊಂಡ ಹೆಂಗಸರಿಗೂ ಬರವೇನಿಲ್ಲ. ಆದರೆ ತನ್ನ ಗಂಡನನ್ನೇ ಮದುವೆಯಾಗಕೂಡದು, ಮದುವೆಯಾದರೆ ದೊಡ್ಡ ಪಾಪ ಎಂದು ಚರ್ಚಿನಿಂದ ಹೇಳಿಸಿಕೊಂಡ ಹೆಂಗಸು ಯಾ ಫ್ರೆಮಾ ಒಬ್ಬಳೇ. ಆಮೇಲೆ ಈ ಕತೆಯನ್ನು ಸಂತೆಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳಿ ಹಾಳು ಮಾಡಿದ್ದಾರೆ. ನಾನು ಎದುರಿಗೇ ಇದ್ದವನು, ಆದ್ದರಿಂದ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ನಾನು ಬಾಫೋ. ಫ್ರೆಮಾಳ ತಾಯಿ, ನನ್ನ ತಾಯಿ ಅಕ್ಕತಂಗಿಯರು. ನಮ್ಮದು ಅಳಿಯಕಟ್ಟು, ಮನೆತನದ ಯಜಮಾನ ನಮ್ಮ ಸೋದರಮಾವ ಕರಿಕಾರಿ. ಅವನು ಪಿಸುಗುಟ್ಟಿದ್ದನ್ನು ಸಭೆಯಲ್ಲಿ ಗಟ್ಟಿಯಾಗಿ, ಸ್ವಲ್ಪ ಒಪ್ಪ ಮಾಡಿ ಹೇಳುವ ಬಾಯಿ ನಾನು. ನನಗೆ ಇನ್ನೊಂದು ಕೆಲಸವೂ ಇದೆ, ಚರ್ಚಿನ ಗಂಟೆ ಹೊಡೆಯುವುದು. ಎರಡು ಹೆಂಡಿರಿರುವ ಕಾರಣ ನನ್ನನ್ನು ರೊಟ್ಟಿ, ಬಟ್ಟಲು ಹಂಚುವ ಪ್ರಭುಭೋಜನದ ಮೇಜಿಗೆ ಬಿಡುವುದಿಲ್ಲ, ಹಿಂದಿನ ಬೆಂಚಿನಲ್ಲಿ ಕೂರಿಸುತ್ತಾರೆ. ಗಂಟೆಯ ಹಗ್ಗಕ್ಕೆ ಮಾತ್ರ ಬಿಡುತ್ತಾರೆ. ಹಗ್ಗ ಎಳೆಯುವವನಿಗೆ ಎಷ್ಟು ಹೆಂಡಿರು ಎಂದು ಯಾರೂ ಕೇಳಿದ್ದಿಲ್ಲ.

ಫ್ರೆಮಾ ಸಂತೆಯಲ್ಲಿ ಹೊಗೆ ಹಾಕಿದ ಮೀನು ಮಾರುತ್ತಿದ್ದಳು. ಗಿಡ್ಡ ಆಳು, ದೊಡ್ಡ ಗಂಟಲು. ಅವಳ ಹತ್ತಿರ ಚೌಕಾಸಿ ಮಾಡಲು ಹೋದವರು ಮೀನು ಕೊಂಡು, ಕ್ಷಮೆ ಕೇಳಿ ಬರುತ್ತಿದ್ದರು. ಅವಳನ್ನು ಕ್ವಾಕು ಅದ್ದಾಯ್‌ಗೆ ಕೊಟ್ಟಾಗ ಅವನ ಕಡೆಯವರು ತಂದ ಹೆಂಡದ ಬಾಟಲಿಯನ್ನು ಕೈಯೊಡ್ಡಿ ತೆಗೆದುಕೊಂಡವನು ನಾನೇ. ಹೆಣ್ಣಿನ ತಲೆಗೆಂದು ಕೊಡುವ ಆ ಹೆಂಡವನ್ನು ನಮ್ಮವರು ಕುಡಿದರೆ ಮದುವೆ ಆಯಿತು, ಹಿಂದಿರುಗಿಸಿದರೆ ಮುರಿಯಿತು. ಅಷ್ಟು ಸರಳ. ಇದರಲ್ಲಿ ಅರ್ಥವಾಗದ್ದು ಏನಿದೆಯೋ ನನಗಂತೂ ಗೊತ್ತಿಲ್ಲ.

ಅದ್ದಾಯ್ ಕೋಕೋ ತೋಟದವನು. ಉದ್ದಕ್ಕೆ ಒಣಗಿದ ಆಳು, ಮಾತು ಕಮ್ಮಿ, ಆಡಿದರೆ ಕುಟುಕು. ಮದುವೆಯಾದ ಮೇಲೂ ಎಲ್ಲರಂತೆ ಅವನು ತನ್ನ ತಾಯಿಯ ಮನೆಯಲ್ಲಿ, ಅವಳು ತನ್ನ ತಾಯಿಯ ಮನೆಯಲ್ಲಿ. ನಡುವೆ ಒಂದು ಬೀದಿ, ಒಂದು ಬಾವಿ, ಎರಡು ತಿಪ್ಪೆ. ಸಂಜೆಯಾಯಿತೆಂದರೆ ಫ್ರೆಮಾ ಬಾಳೆಕಾಯಿ, ಮರಗೆಣಸು ಕುಟ್ಟಿ ಫುಫು ಮಾಡಿ, ತಾಳೆಹಣ್ಣಿನ ಸಾರು ಕಾಯಿಸಿ, ಹಸಿರು ಹೂವಿನ ಪಿಂಗಾಣಿ ಬೋಗುಣಿಗೆ ತುಂಬಿ, ಮುಚ್ಚಳ ಮುಚ್ಚಿ, ಮಕ್ಕಳ ತಲೆ ಮೇಲೆ ಹೊರಿಸಿ ಕಳಿಸುವಳು. ಅತ್ತ ಅದ್ದಾಯ್ ಮಿಂದು, ಒಳ್ಳೆಯ ಹೊದಿಕೆ ಹೊದ್ದು, ಮಂತ್ರಿಯ ಹಾಗೆ ಕುರ್ಚಿಯಲ್ಲಿ ಕಾದಿರುವನು. ಉಂಡ ಮೇಲೆ ಬೋಗುಣಿ ತೊಳೆದು ವಾಪಸಾಗುತ್ತಿತ್ತು. ಖಾಲಿ ಬೋಗುಣಿ ಕಳಿಸುವ ಗಂಡಸು ನಮ್ಮಲ್ಲಿ ಗಂಡಸಲ್ಲ. ಅದ್ದಾಯ್ ಒಂದು ಹಿಡಿ ಕಡಲೆಕಾಯಿ ಹಾಕುವನು, ಒಂದು ಬೆಣ್ಣೆಹಣ್ಣು ಹಾಕುವನು. ಸಾರಿಗೆ ಉಪ್ಪು ಕಡಿಮೆಯಾದ ದಿನ ಎಲೆಯಲ್ಲಿ ಒಂದು ಚಿಟಿಕೆ ಉಪ್ಪು ಮಡಿಸಿ ಇಡುವನು.

ಆ ಉಪ್ಪಿನ ಎಲೆ ಬಂದ ದಿನ ಫ್ರೆಮಾಳ ಅಂಗಳದಲ್ಲಿ ಹಬ್ಬ.

"ನೋಡ್ರೇ ಈ ಕಡ್ಡಿ ಮನುಷ್ಯನ ಸೊಕ್ಕು! ತಿನ್ನೋದು ನಂದು, ಹೆಸರಿಡೋದೂ ನಂಗೇ!" ಎಂದು ಬೀದಿಗೆಲ್ಲ ಕೇಳುವಂತೆ ಬೈದು, ಮರುದಿನ ಬೇಕೆಂದೇ ಒಂದು ಹಿಡಿ ಹೆಚ್ಚು ಹಾಕಿ ಕಳಿಸುವಳು. ಅವನು ತುಟಿ ಪಿಟಕ್ಕೆನ್ನದೆ ತಿಂದು, ಬೋಗುಣಿಯ ತುಂಬ ನೀರು ತುಂಬಿಸಿ ವಾಪಸು ಕಳಿಸುವನು. ಗಂಡ ಹೆಂಡತಿ ಇಪ್ಪತ್ತೈದು ವರ್ಷಕ್ಕೂ ಮೇಲೆ ಹೀಗೆ ಬೋಗುಣಿಯಲ್ಲೇ ಮಾತಾಡಿಕೊಂಡರು. ನಾಲ್ಕು ಮಕ್ಕಳಾದವು. ಅದಕ್ಕೆ ಅವಳು ಕತ್ತಲಾದ ಮೇಲೆ ಬೀದಿ ದಾಟಿ ಹೋಗುತ್ತಿದ್ದಳು, ಅದು ಬೇರೆ ವಿಷಯ.

ಇಷ್ಟು ಸುಖವಾಗಿದ್ದವಳಿಗೆ ಕೊರಗು ಹತ್ತಿದ್ದು ತಾಯಿ ಸತ್ತಾಗ. ತಾಯಿ ಹುಟ್ಟಿದಾಗಿನಿಂದ ಚರ್ಚಿನವಳು. ಮಳೆ ಬರಲಿ ಬಿಸಿಲಿರಲಿ, ಮೊದಲು ಬಂದು ಬೆಂಚು ಒರೆಸುತ್ತಿದ್ದವಳು. ಆದರೆ ಹೆಂಡದ ಮದುವೆಯವಳು, ಉಂಗುರದ ಮದುವೆಯವಳಲ್ಲ. ಉಂಗುರವಿಲ್ಲದವರಿಗೆ ಮೇಜಿಲ್ಲ, ಮೇಜಿಲ್ಲದವರಿಗೆ ಸತ್ತಾಗ ಗಂಟೆಯಿಲ್ಲ. ಶವ ಎತ್ತುವಾಗ ನಾನು ಹಗ್ಗ ಹಿಡಿದು ನಿಂತೇ ಇದ್ದೆ, ಹಿರಿಯರು ಕೈಯಾಡಿಸಿ ಬೇಡ ಎಂದರು. ಆವತ್ತು ಮೆರವಣಿಗೆ ಹೋದದ್ದು ಬರೀ ಕಾಲಸಪ್ಪಳದಲ್ಲಿ. ಫ್ರೆಮಾ ಆ ದಿನ ಅಳಲಿಲ್ಲ. ನೇರ ನನ್ನ ಹತ್ತಿರ ಬಂದಳು.

"ಬಾಫೋ ಅಣ್ಣ, ನಾನು ಸತ್ತಾಗ ಆ ಗಂಟೆ ಹೊಡೀಲೇಬೇಕು. ಆಕಾಶ ತೂತು ಬೀಳೋ ಹಾಗೆ ಹೊಡೀಬೇಕು. ಅಮ್ಮಂಗೂ ಸೇರಿಸಿ" ಎಂದಳು.

ಮುಂದೆ ಅವಳು ಮಾಡಿದ್ದೆಲ್ಲ ಆ ಗಂಟೆಗಾಗಿಯೇ.

ಹೊಸ ಪಾದ್ರಿ ಬೆದಿಯಾಕೊ ಬಂದದ್ದು ಆಗ. ಎಳೆಯ ವಯಸ್ಸು, ಹೊಸ ಹೆಂಡತಿ, ಹೊಸ ಕನ್ನಡಕ. ಒಳ್ಳೆಯ ಹುಡುಗನೇ, ಆದರೆ ಎಲ್ಲವನ್ನೂ ಪೂರ್ತಿ ಮಾಡಬೇಕೆನ್ನುವ ಚಟ. ಹೆಂಡದ ಮದುವೆಯ ಹಳೆ ಜೋಡಿಗಳನ್ನೆಲ್ಲ ಕರೆದು ಉಂಗುರ ತೊಡಿಸಿ ಆಶೀರ್ವದಿಸುತ್ತೇನೆ ಎಂದ. ಫ್ರೆಮಾ ಮೊದಲನೆಯವಳಾಗಿ ಕೈಯೆತ್ತಿದಳು. ಬಿಳಿಯುಟ್ಟು, ಬೆರಳಿಗೆ ಎಣ್ಣೆ ಹಚ್ಚಿ ಉಂಗುರ ತೂರಿಸಿಕೊಂಡಳು. ಪಕ್ಕದಲ್ಲಿ ಅದ್ದಾಯ್, ಬೂಟು ಕಾಲು ಕಚ್ಚಿದ್ದಕ್ಕೆ ಮುಖ ಕಿವುಚಿಕೊಂಡು ನಿಂತಿದ್ದ. ಮುಂದಿನ ಭಾನುವಾರ ಇಬ್ಬರೂ ಮೇಜಿಗೆ ಹೋದರು. ರೊಟ್ಟಿ ಬಾಯಲ್ಲಿಟ್ಟುಕೊಂಡು ಅವಳು ಹಿಂದಿನ ಬೆಂಚಿನತ್ತ ತಿರುಗಿ ನನಗೆ ಕಣ್ಣು ಹೊಡೆದಳು.

ಪಾದ್ರಿ ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಗಂಡ ತಾಯಿ ಮನೆ ಬಿಡಬೇಕು, ಹೆಂಡ್ತೀನೂ ತಾಯಿ ಮನೆ ಬಿಡಬೇಕು. ಇಬ್ಬರೂ ಒಂದೇ ಸೂರಿನಡಿ ಇರಬೇಕು, ಒಂದೇ ಮೇಜಲ್ಲಿ ಉಣ್ಣಬೇಕು. ದೇವರ ಲೆಕ್ಕದಲ್ಲಿ ಅದೇ ಮದುವೆ" ಎಂದ.

"ಮತ್ತೆ ಇಷ್ಟು ವರ್ಷ ನಾವು ಮಾಡಿದ್ದೇನು?" ಎಂದು ಅದ್ದಾಯ್ ಕೇಳಿದ.

"ಅಭ್ಯಾಸ" ಎಂದ ಪಾದ್ರಿ.

ಚರ್ಚಿನ ಹಿಂದೆ ಎರಡು ಕೋಣೆಯ ಮನೆಯೊಂದು ಖಾಲಿಯಿತ್ತು. ಮಕ್ಕಳೆಲ್ಲ ಆಗಲೇ ದೊಡ್ಡವರಾಗಿ ಬೇರೆಯಾಗಿದ್ದರಿಂದ ಇಬ್ಬರೇ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ಹೋದರು. ಮೊದಲ ಸಂಜೆ ಫ್ರೆಮಾ ಹಿಂದಿನ ಅಂಗಳದಲ್ಲಿ ಅಡುಗೆ ಮಾಡಿ ಬೋಗುಣಿ ತುಂಬಿ ಮುಚ್ಚಳ ಮುಚ್ಚಿದಳು. ಮುಚ್ಚಿದ ಮೇಲೆ ಅದನ್ನು ಎಲ್ಲಿಗೆ ಕಳಿಸುವುದೆಂದು ತಿಳಿಯಲಿಲ್ಲ. ಗಂಡ ಒಳಗೇ ಇದ್ದಾನೆ, ಮೂರು ಹೆಜ್ಜೆ. ಹಾಗೆ ಕೈಯಲ್ಲಿ ಹಿಡಿದು ಮುಂದಿಡಲು ಅವಳಿಗೆ ನಾಚಿಕೆಯಾಯಿತು. ಕೊನೆಗೆ ಬೋಗುಣಿಯನ್ನು ತಲೆಯ ಮೇಲಿಟ್ಟುಕೊಂಡು ಹಿತ್ತಲ ಬಾಗಿಲಿಂದ ಹೊರಟು, ಚರ್ಚನ್ನು ಒಂದು ಸುತ್ತು ಹಾಕಿ, ಸಿಕ್ಕವರಿಗೆಲ್ಲ ನಮಸ್ಕಾರ ಹೇಳಿ, ಮುಂಬಾಗಿಲಿಗೆ ಬಂದು ಕೆಮ್ಮಿದಳು. ಅದ್ದಾಯ್ ಹೊದಿಕೆ ಹೊದ್ದು ಕುರ್ಚಿಯಲ್ಲಿ ಕೂತಿದ್ದ.

"ಯಾರಮ್ಮ?" ಎಂದ.

"ಫ್ರೆಮಾ ಮನೆಯಿಂದ ಊಟ" ಎಂದಳು.

ಇದು ನಾಲ್ಕು ದಿನ ನಡೆಯಿತು. ಐದನೇ ದಿನ ಪಾದ್ರಿ ಕಂಡು, ಇದೇನು ನಾಟಕ ಎಂದು ನಿಲ್ಲಿಸಿ, ತಾನೇ ಒಂದು ಮೇಜು ತಂದು ನಡುಮನೆಯಲ್ಲಿ ಹಾಕಿ ಹೋದ.

ಅಲ್ಲಿಂದ ಶುರುವಾಯಿತು ನೋಡಿ. ಅಷ್ಟು ವರ್ಷ ಮುಚ್ಚಳ ತೆಗೆದು ಉಂಡವನು ಈಗ ಒಲೆಯ ಮೇಲಿನ ಮಡಕೆಯ ಮುಚ್ಚಳ ತೆಗೆದು ಇಣುಕತೊಡಗಿದ. "ಈಗಲೇ ಉಪ್ಪು ಹಾಕ್ತೀಯಾ?" "ಮೀನು ತೊಳೆದ್ಯಾ?" ಎಲೆಯಲ್ಲಿ ಬಂದರೆ ನಗು ತರಿಸುತ್ತಿದ್ದ ಮಾತು ಬಾಯಲ್ಲಿ ಬಂದರೆ ಮೈಯುರಿಸುತ್ತಿತ್ತು. ಅವಳಿಗೂ ಕಾಣಬಾರದ್ದೆಲ್ಲ ಕಂಡಿತು. ಸಂಜೆಯ ಆ ಮಂತ್ರಿ ಬೆಳಗ್ಗೆಯೆಲ್ಲ ಹರಕು ಚಡ್ಡಿಯಲ್ಲಿ ಬೆನ್ನು ಕೆರೆಯುತ್ತಾನೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಮೀನಿನ ಮುಳ್ಳನ್ನು ಅವನು ಸಾಲಾಗಿ ಜೋಡಿಸುತ್ತಾನೆ, ಉಣ್ಣುವಾಗ ಮೂಗಿನಲ್ಲಿ ರಾಗ ಹಾಡುತ್ತಾನೆ. ಅವಳು ನಿದ್ದೆಯಲ್ಲಿ ಮೀನು ಮಾರುತ್ತಾಳೆ ಎಂಬುದು ಅವನಿಗೂ ಆಗಲೇ ತಿಳಿದದ್ದು. ನಡುರಾತ್ರಿ ಚೌಕಾಸಿ ಮಾಡಿದರೆ ಪಕ್ಕದವನು ಏನು ಮಾಡಬೇಕು? ಅವನು ಬೆಲೆ ಹೇಳಿದನಂತೆ. ಅವಳು ನಿದ್ದೆಯಲ್ಲೇ ಬೈದಳಂತೆ. ಬೋಗುಣಿ ಗೋಡೆಯ ಗೂಡಿನಲ್ಲಿ ಧೂಳು ಹಿಡಿಯಿತು.

ಮಳೆ ಹಿಡಿಯುವ ಹೊತ್ತಿಗೆ ಫ್ರೆಮಾ ಕರಿಕಾರಿ ಮಾವನ ಅಂಗಳಕ್ಕೆ ಬಂದು ನಿಂತಳು. ಎರಡೂ ಮನೆತನದ ಹಿರಿಯರು ಸೇರಿದರು. ಮಾವ ಪಿಸುಗುಟ್ಟಿದ, ನಾನು ಗಟ್ಟಿಯಾಗಿ ಕೇಳಿದೆ.

"ತಂಗಿ, ಹೊಡೀತಾನಾ?"

"ಅವನಾ? ಹೊಡೆದ್ರೆ ಅವನ ಕೈಯೇ ಮುರಿಯುತ್ತೆ."

"ದುಡ್ಡು ಕೊಡಲ್ವಾ?"

"ಕೊಡ್ತಾನೆ."

"ಬೇರೆ ಹೆಂಗಸು?"

"ಯಾರು ಬರ್ತಾರೆ, ಆ ಕಡ್ಡೀಗೆ?"

"ಮತ್ತೆ ಏನಮ್ಮ ಅವನ ತಪ್ಪು?"

ಫ್ರೆಮಾ ತಿರುಗಿ ಅದ್ದಾಯ್‌ನನ್ನು ಮೇಲಿಂದ ಕೆಳಗೆ ನೋಡಿದಳು. "ಇದಾನೆ" ಎಂದಳು.

"ಇದಾನೆ ಅಂದ್ರೆ?"

"ಇದಾನೆ, ಮಾವ. ಬೆಳಗ್ಗೆ ಎದ್ರೆ ಇದಾನೆ. ಸಂತೆಯಿಂದ ಬಂದ್ರೆ ಇದಾನೆ. ಒಲೆ ಹತ್ರ ತಿರುಗಿದ್ರೆ ಇದಾನೆ. ಯಾವಾಗ್ಲೂ ಇದಾನೆ."

ಮಾವ ಅದ್ದಾಯ್‌ನತ್ತ ತಿರುಗಿ ಪಿಸುಗುಟ್ಟಿದ, ನಾನು ಕೇಳಿದೆ. "ನೀನೇನಪ್ಪ ಹೇಳ್ತೀಯಾ?"

"ಅವಳೂ ಇದಾಳೆ" ಎಂದ ಅದ್ದಾಯ್.

ಹಿರಿಯರು ಪೇಚಿಗೆ ಬಿದ್ದರು. ಹೊಡೆತ, ಬಡಿತ, ಬೈಗುಳ, ಮಾಟ ಎಲ್ಲಕ್ಕೂ ನಮ್ಮಲ್ಲಿ ತೀರ್ಪಿದೆ. ಇರುವುದಕ್ಕೆ ತೀರ್ಪಿಲ್ಲ. ಎದ್ದು ಹಿತ್ತಲಿಗೆ ಹೋಗಿ ಗುಸುಗುಸು ಮಾತಾಡಿ ಬಂದು, ಇಬ್ಬರೂ ಒಪ್ಪಿದ್ದಾರೆ, ತಪ್ಪು ಸಮಸಮ ಎಂದರು. ಅಂದು ಕುಡಿದ ಹೆಂಡದ ಬದಲಿಗೆ ನಾನು ಒಂದು ಬಾಟಲಿಯನ್ನು ಅದ್ದಾಯ್‌ನ ಹಿರಿಯರ ಕೈಗೆ ಹಿಂದಿರುಗಿಸಿದೆ. ಅವಳು ಇನ್ನು ಯಾರ ಹೆಂಡತಿಯೂ ಅಲ್ಲ ಎಂಬುದಕ್ಕೆ ಪಾದದ ಮೇಲೆ ಬಿಳಿ ಜೇಡಿಯ ಪುಡಿ ಚೆಲ್ಲಿದರು. ಅವನು ಅವನ ತಾಯಿಯ ಮನೆಗೆ, ಅವಳು ಅವಳ ತಾಯಿಯ ಮನೆಗೆ ಹೋದರು. ಆ ಇರುಳು ಇಬ್ಬರೂ ಗೊರಕೆ ಹೊಡೆದು ಮಲಗಿದರು ಎಂದು ಬೀದಿಯವರು ಹೇಳಿದರು.

ಭಾನುವಾರ ಚರ್ಚಿನಲ್ಲಿ ಪಾದ್ರಿಯ ಕನ್ನಡಕ ಬೆವರಿತ್ತು.

"ದೇವರು ಹಾಕಿದ ಗಂಟನ್ನು ಬಾಟಲಿ ಕೊಟ್ಟು ಬಿಚ್ಚೋಕಾಗಲ್ಲ. ಆ ಹೆಂಡಕ್ಕೆ ಬೆಲೆಯೇ ಇಲ್ಲ. ನೀವಿಬ್ರೂ ಈಗಲೂ ಗಂಡ ಹೆಂಡ್ತಿ. ಒಂದೇ ಸೂರಿಗೆ ವಾಪಸ್ ಬರೋವರೆಗೂ ಮೇಜಿಗೆ ಬರಬೇಡಿ" ಎಂದ.

ಫ್ರೆಮಾ ಎದ್ದು, ಬಿಳಿ ಬಟ್ಟೆ ಕೊಡವಿ, ಹಿಂದೆ ಬಂದು ನನ್ನ ಪಕ್ಕ ಕೂತಳು. ಆ ಕಡೆ ಅದ್ದಾಯ್ ಬಂದು ಕೂತ. ನಡುವೆ ನಾನು, ಗೋಡೆಯ ಹಾಗೆ.

"ಗಂಟೆ ಹೋಯ್ತು, ಅಣ್ಣ" ಎಂದಳು. ಅಷ್ಟೇ. ನನಗೆ ಪಾದ್ರಿಯ ಮೇಲೆ ಅಂಥ ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಅದ್ದಾಯ್ ಇನ್ನಷ್ಟು ಒಣಗಿದ. ಅವನ ಅಕ್ಕನ ಅಡುಗೆ ನಾಯಿಯೂ ಮೂಸದಂಥದ್ದು. ಬಿಟ್ಟ ಗಂಡನಿಗೆ ಊಟ ಕಳಿಸಿದರೆ ಜನ ಏನೆಂದಾರು? ಫ್ರೆಮಾ ಸಂಜೆ ಕುಟ್ಟುವ ಫುಫು ಅವಳೊಬ್ಬಳಿಗೆ ಹೆಚ್ಚಾಗುತ್ತಿತ್ತು. ಆದರೂ ಅಷ್ಟೇ ಕುಟ್ಟುತ್ತಿದ್ದಳು. ಯಾಕೆ ಎಂದು ಕೇಳಿದರೆ, "ಕೈಗೆ ಅಳತೆ ಮರೆತುಹೋಗಿದೆ" ಎನ್ನುತ್ತಿದ್ದಳು. ಬೋಗುಣಿಯನ್ನು ಮಾತ್ರ ತಿಕ್ಕಿ ಹೊಳೆಯಿಸಿ ಇಟ್ಟಿದ್ದಳು.

ಒಂದು ಬೆಳಗ್ಗೆ ಅದ್ದಾಯ್ ಒಳ್ಳೆಯ ಹೊದಿಕೆ ಹೊದ್ದು, ತನ್ನ ಹಿರಿಯರನ್ನು ಕರೆದುಕೊಂಡು, ಕಂಕುಳಲ್ಲಿ ಹೊಸ ಬಾಟಲಿ ಇಟ್ಟುಕೊಂಡು ನಮ್ಮ ಅಂಗಳಕ್ಕೆ ಬಂದ. ನೀರು ಕೊಟ್ಟೆವು. ಕುಡಿದರು. ಬಂದ ಕಾರಣವೇನು ಎಂದು ಕೇಳಿದೆ.

"ನಿಮ್ಮನೇಲಿ ಯಾ ಫ್ರೆಮಾ ಅಂತ ಒಬ್ಬ ಹೆಣ್ಣಿದಾಳೆ ಅಂತ ಕೇಳಿದೀವಿ" ಎಂದರು ಅವನ ಹಿರಿಯರು, ಮುಖದಲ್ಲಿ ಒಂದು ನರವೂ ಅಲುಗದೆ.

ಕರಿಕಾರಿ ಮಾವನಿಗೆ ಇಂಥ ಸಂತೋಷ ಸಿಕ್ಕಿ ಬಹಳ ದಿನವಾಗಿತ್ತು. ಅವನು ಪದ್ಧತಿಯ ಒಂದು ಪ್ರಶ್ನೆಯನ್ನೂ ಬಿಡಲಿಲ್ಲ. ಯಾವ ಮನೆತನ, ಏನು ಕೆಲಸ, ಮೈಯಲ್ಲಿ ರೋಗವೇನಾದರೂ ಇದೆಯೇ. ತಾನೇ ಒಮ್ಮೆ ಹೆಣ್ಣು ಕೊಟ್ಟಿದ್ದವನ ಹತ್ತಿರ ಎಲ್ಲವನ್ನೂ ಮೊದಲಿಂದ ಕೇಳಿದ.

"ವರನಿಗೆ ಹಿಂದೆ ಮದುವೆ ಆಗಿತ್ತಾ?" ಎಂದು ಕೇಳಿದೆ.

"ಆಗಿತ್ತು" ಎಂದ ಅದ್ದಾಯ್.

"ಆ ಹೆಂಗಸು ಹೆಂಗೆ?"

"ಬಾಯಿ ಜೋರು. ಸಾರು ಚೆನ್ನಾಗಿ ಮಾಡ್ತಿದ್ಲು."

ಒಳಗಿನ ಕೋಣೆಯಲ್ಲಿ ಏನೋ ಡಣ್ಣನೆ ಬಿತ್ತು.

"ಯಾಕೆ ಬಿಟ್ಟೋದ್ಲು?"

"ನಾನು ಇದ್ದೆ."

"ಇನ್ನೊಂದ್ಸಲ ಇರ್ತೀಯಾ?"

"ಇಲ್ಲ. ದೇವರಾಣೆ ಇರಲ್ಲ. ನನ್ನ ಮನೇಲಿ ನಾನಿರ್ತೀನಿ."

ಮಾವ ತಲೆಯಾಡಿಸಿದ. ಉತ್ತರ ಚೆನ್ನಾಗಿದೆ ಎಂದ. ಇನ್ನು ಹೆಣ್ಣನ್ನು ಕರೆದು, ಈ ಹೆಂಡ ಕುಡಿಯಬಹುದೇ ಎಂದು ಕೇಳುವುದೊಂದೇ ಬಾಕಿ. ಅಷ್ಟರಲ್ಲಿ ಬೇಲಿಯಾಚೆಯಿಂದ ಯಾರೋ ಓಡಿಹೋಗಿ ಸುದ್ದಿ ಮುಟ್ಟಿಸಿದ್ದರು, ಪಾದ್ರಿ ಏದುಸಿರು ಬಿಡುತ್ತ ಒಳಗೆ ಬಂದ. ಅವನಿಗೂ ನೀರು ಕೊಟ್ಟೆವು. ಕುಡಿಯುವವರೆಗೂ ಮಾತಾಡಲು ಬಿಡಲಿಲ್ಲ, ಪದ್ಧತಿ ಪದ್ಧತಿಯೇ.

"ಈ ಮದುವೆ ಆಗಕೂಡದು. ಮೊದಲ ಹೆಂಡ್ತಿ ಬದುಕಿರುವಾಗ ಗಂಡಸು ಇನ್ನೊಂದು ಮದುವೆ ಆಗಕೂಡದು. ಚರ್ಚಿನ ಕಟ್ಟಳೆ" ಎಂದ ಪಾದ್ರಿ.

"ಮೊದಲ ಹೆಂಡ್ತಿ ಯಾರು?" ಎಂದೆ.

"ಯಾ ಫ್ರೆಮಾ."

"ಈಗ ಆಗ್ತಿರೋದು ಯಾರನ್ನ?"

"ಯಾ ಫ್ರೆಮಾನ."

"ಹೆಂಗಸರು ಎಷ್ಟು ಜನ?"

"ಒಬ್ಬಳು."

"ಮದುವೆ?"

"ಎರಡು" ಎಂದ ಪಾದ್ರಿ. ಬೆರಳು ಮಡಿಸಿ ಇನ್ನೊಮ್ಮೆ ಎಣಿಸಿದ. "ಒಂದು ದೇವರದು, ಅದು ಮುರಿದಿಲ್ಲ. ಅದರ ಮೇಲೆ ಇನ್ನೊಂದು ಕಟ್ಕೊಂಡ್ರೆ ಎರಡಾಯ್ತಲ್ಲ?"

"ಹಾಗಾದ್ರೆ ಅದ್ದಾಯ್‌ಗೂ ನನ್ನ ಹಾಗೆ ಎರಡು ಹೆಂಡಿರು. ಹಿಂದಿನ ಬೆಂಚಲ್ಲಿ ನನ್ನ ಪಕ್ಕ ಜಾಗ ಇದೆ" ಎಂದೆ.

"ಅಯ್ಯನೋರೇ, ಹೆಂಡಕ್ಕೆ ಬೆಲೆಯೇ ಇಲ್ಲ ಅಂದಿದ್ರಿ. ಬೆಲೆ ಇಲ್ದಿದ್ರೆ ಇಲ್ಲಿ ಮದುವೆ ಎಲ್ಲಾಯ್ತು? ಒಬ್ಬ ಮುದುಕ ಇನ್ನೊಬ್ಬ ಮುದುಕನಿಗೆ ಬಾಟಲಿ ಕೊಡ್ತಿದಾನೆ. ನಿಮಗ್ಯಾಕೆ ಉರಿ?" ಎಂದ ಮಾವ. ಇದನ್ನು ಅವನು ಪಿಸುಗುಟ್ಟಲಿಲ್ಲ, ನೇರವಾಗಿ ಹೇಳಿದ. ಅಷ್ಟು ಖುಷಿಯಾಗಿತ್ತು ಅವನಿಗೆ.

ಪಾದ್ರಿ ಕನ್ನಡಕ ತೆಗೆದು ಒರೆಸಿದ. "ನನಗೆ ಗೊತ್ತಿಲ್ಲ. ಆದ್ರೆ ಈ ಬಾಟಲಿ ತೆಗೆದ್ರೆ ಇಬ್ಬರೂ ಬದುಕಿರೋವರೆಗೂ ಮೇಜಿಗೆ ಬರೋಹಾಗಿಲ್ಲ" ಎಂದ.

ಆಗ ಫ್ರೆಮಾ ಹೊರಗೆ ಬಂದಳು. ಮಾವ ಕೇಳಿದ, ಈ ಹೆಂಡ ಕುಡಿಯೋಣವೇ ಎಂದು. ಅವಳು ಬಾಟಲಿ ನೋಡಿದಳು, ಅದ್ದಾಯ್‌ನ ಒಣಗಿದ ಕತ್ತು ನೋಡಿದಳು, ಪಾದ್ರಿಯ ಹಿಂದೆ ಮರಗಳ ಮೇಲೆ ಕಾಣುವ ಗಂಟೆಯ ಗೋಪುರ ನೋಡಿದಳು.

"ಇರ್ಲಿ, ಈಗ ತೆಗೀಬೇಡಿ. ಹಾಗಂತ ವಾಪಸ್ಸೂ ಕೊಡಬೇಡಿ" ಎಂದು ಒಳಗೆ ಹೋದಳು.

ಬಾಟಲಿ ಮಾವನ ಮೇಜಿನ ಮೇಲೆ ಮುಚ್ಚಳ ಬಿಗಿದ ಹಾಗೆಯೇ ನಿಂತಿತು. ನಾವು ಅದನ್ನು ನೋಡಿಕೊಂಡೇ ದಿನ ಕಳೆದೆವು. ಕಣ್ಣೆದುರು ಹೆಂಡವಿಟ್ಟುಕೊಂಡು ಕುಡಿಯದೆ ಕೂರುವುದು ಎಂಥ ಶಿಕ್ಷೆ ಎಂದು ನಮ್ಮ ಮನೆತನದ ಗಂಡಸರನ್ನು ಕೇಳಬೇಕು.

ಅಷ್ಟರಲ್ಲಿ ಪಾದ್ರಿಯ ಹೆಂಡತಿ ಸೆರ್ವಾ ಬಸುರಿಯಾದಳು. ಚೊಚ್ಚಲ ಹೆರಿಗೆ, ತಾಯಿಯ ಮನೆಯಲ್ಲೇ ಆಗಬೇಕು. ನಮ್ಮಲ್ಲಿ ರಾಣಿಯಾದರೂ ಅಷ್ಟೇ. ಅವಳ ತಾಯಿ ಲಾರಿಯಲ್ಲಿ ಬಂದು, ಅಳಿಯನ ಮಾತಿಗೆ ಕಾಯದೆ ಮಗಳನ್ನು ಕರೆದುಕೊಂಡು ಹೋದಳು. ಮಗು ಹುಟ್ಟಿತು, ಹೆಣ್ಣು. ಕತ್ತು ಗಟ್ಟಿಯಾಗುವವರೆಗೆ ಕಳಿಸುವುದಿಲ್ಲ ಎಂದು ಹೇಳಿ ಕಳಿಸಿದರು. ಪಾದ್ರಿ ಒಬ್ಬನೇ ಬ್ರೆಡ್ಡು, ಡಬ್ಬಿ ಮೀನು ತಿಂದುಕೊಂಡು ಓಡಾಡುತ್ತಿದ್ದ. ಅಂಗಿಯ ಗುಂಡಿ ಒಂದು ಕಾಜ ತಪ್ಪಿರುತ್ತಿತ್ತು.

ಪ್ರಭುಭೋಜನದ ಭಾನುವಾರ ಬಂತು. ಪಾದ್ರಿ ರೊಟ್ಟಿ ಮುರಿದು, ಬಟ್ಟಲು ಎತ್ತಿ, ಒಂದೇ ಸೂರಿನಡಿ ಬಾಳುವ ದಂಪತಿಗಳು ಮುಂದೆ ಬರಲಿ ಎಂದ. ನನ್ನ ಪಕ್ಕದಿಂದ ಫ್ರೆಮಾ ಎದ್ದಳು.

"ಪಾದ್ರಿಗಳೇ, ಸೆರ್ವಾ ಎಲ್ಲಿ?"

ಸಂತೆಯ ಗಂಟಲು. ಹಾರ್ಮೋನಿಯಂ ನುಡಿಸುವವನ ಕೈ ತಪ್ಪಿತು.

"ಅವಳ ತಾಯಿ ಮನೇಲಿ" ಎಂದ ಪಾದ್ರಿ.

"ನೀವು?"

"ಇಲ್ಲಿ."

"ಹಾಗಾದ್ರೆ ಅವಳು ಈಗ ನಿಮ್ಮ ಹೆಂಡ್ತಿ ಅಲ್ವಾ?"

ಅವಳು ಕೆಣಕಲು ಕೇಳಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ನನಗೆ ಗೊತ್ತು. ಅವಳಿಗೆ ನಿಜವಾಗಿ ತಿಳಿಯಬೇಕಿತ್ತು.

ಬೇರೆ ಪಾದ್ರಿಯಾಗಿದ್ದರೆ ಗದರಿಸಿ ಕೂರಿಸುತ್ತಿದ್ದ. ಬೆದಿಯಾಕೊಗೆ ಎಲ್ಲವನ್ನೂ ಪೂರ್ತಿ ಮಾಡುವ ಚಟ ಎಂದೆನಲ್ಲ. ಅವನು ಬಟ್ಟಲು ಕೆಳಗಿಟ್ಟ, ಬಿಳಿ ಬಟ್ಟೆ ಮುಚ್ಚಿದ, ನಡುದಾರಿಯಲ್ಲಿ ನಡೆದು ಬಂದು ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ, ಫ್ರೆಮಾ ಎದ್ದ ಜಾಗದಲ್ಲಿ ಕೂತ. ಬೆಂಚಿನ ತುದಿಯಲ್ಲಿದ್ದ ಕಳ್ಳು ಮಾರುವವನೊಬ್ಬ ಸರಿದು ಅವಳಿಗೆ ಜಾಗ ಕೊಟ್ಟ. ಈಗ ಮೇಜಿನ ಹತ್ತಿರ ಯಾರೂ ಇಲ್ಲ. ರೊಟ್ಟಿ ಇದೆ, ಕೊಡುವವನಿಲ್ಲ. ಮುಂದೆ ಸಾಲು ನಿಂತ ಉಂಗುರದ ದಂಪತಿಗಳು ಮುಂದೆ ನೋಡುವುದೋ ಹಿಂದೆ ನೋಡುವುದೋ ತಿಳಿಯದೆ ನಿಂತರು. ಹಾರ್ಮೋನಿಯಂನವನಿಗೆ ಯಾರೂ ನಿಲ್ಲಿಸು ಎನ್ನಲಿಲ್ಲ, ಅವನು ಅದೇ ಚರಣವನ್ನು ತಿರುಗಿಸಿ ಮುರುಗಿಸಿ ನುಡಿಸುತ್ತಲೇ ಇದ್ದ. ಒಂದು ಕೋಳಿ ಒಳಗೆ ಬಂದು ಹೋಯಿತು.

"ಊಟಕ್ಕೆ ಏನ್ಮಾಡ್ತಿದೀರಿ?" ಎಂದು ಅದ್ದಾಯ್ ನನ್ನ ಆ ಕಡೆಯಿಂದ ಬಗ್ಗಿ ಕೇಳಿದ.

"ಏನೋ ಒಂದು" ಎಂದ ಪಾದ್ರಿ. ಆಮೇಲೆ ಸಣ್ಣ ದನಿಯಲ್ಲಿ, "ಹೋದ ವಾರ ಸೆರ್ವಾ ಲಾರಿಯವನ ಕೈಲಿ ಒಂದು ಡಬ್ಬಿ ಮೆಣಸಿನ ಗೊಜ್ಜು ಕಳಿಸಿದ್ಲು. ನಾನಿಲ್ಲಿ ಬ್ರೆಡ್ಡು ತಿಂತಿದೀನಿ ಅಂತ ಅವಳಿಗೆ ಯಾರು ಹೇಳಿದ್ರೋ. ಡಬ್ಬಿ ತೆಗೆದು ಮೂಸಿ ನೋಡಿದೆ, ನಮ್ಮನೆ ವಾಸನೆ ಬಂತು. ಮದುವೆಯಾದ ದಿನಾನೂ ಅವಳು ನನ್ನ ಹೆಂಡ್ತಿ ಅಂತ ಅಷ್ಟು ಅನ್ನಿಸಿರಲಿಲ್ಲ" ಎಂದ. ಕನ್ನಡಕದ ಹಿಂದೆ ಕಣ್ಣು ಒದ್ದೆಯಾಗಿತ್ತು.

"ಡಬ್ಬೀಲಿ ಏನು ಹಾಕಿ ವಾಪಸ್ ಕಳಿಸಿದ್ರಿ?" ಎಂದ ಅದ್ದಾಯ್.

"ವಾಪಸ್ ಏನಾದ್ರೂ ಹಾಕ್ಬೇಕಾ?"

ಇಡೀ ಚರ್ಚು ಅಯ್ಯೋ ಎಂದಿತು. ಹೆಂಗಸರು ಹಣೆ ಚಚ್ಚಿಕೊಂಡರು. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, "ಖಾಲಿ ಡಬ್ಬಿ ಕಳಿಸಿದ್ರಾ? ಅತ್ತೆ ಮನೇಗೆ?" ಎಂದು ಗದರಿದರು. ಅವರಿಗೆ ಉಂಗುರವಿತ್ತು, ಮೇಜಿತ್ತು, ಎಲ್ಲವೂ ಇತ್ತು.

ಪಾದ್ರಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಆಮೇಲೆ ಎದ್ದ. ಫ್ರೆಮಾಳ ಮುಂದೆ ನಿಂತು, "ಬನ್ನಿ" ಎಂದ. ಅದ್ದಾಯ್‌ಗೂ "ಬನ್ನಿ" ಎಂದ. ನನ್ನ ಮುಖ ನೋಡಿದ. ನನಗೆ ಬನ್ನಿ ಎನ್ನಲಿಲ್ಲ. ಎಲ್ಲದಕ್ಕೂ ಮಿತಿಯಿದೆ. ಅವರಿಬ್ಬರನ್ನು ಮುಂದೆ ಕರೆದುಕೊಂಡು ಹೋಗಿ ಮೊದಲು ಅವರಿಗೆ ಕೊಟ್ಟ, ಕೊನೆಗೆ ತಾನು ತೆಗೆದುಕೊಂಡ. ಒಂದೇ ಸೂರಿನ ಮಾತನ್ನು ಮುಂದೆ ಎಂದೂ ಎತ್ತಲಿಲ್ಲ. ತಪ್ಪಾಯಿತು ಎಂದೂ ಹೇಳಲಿಲ್ಲ.

ಫ್ರೆಮಾ ವಾಪಸು ಬರುತ್ತ ನನ್ನ ಹತ್ತಿರ ನಿಂತಳು. "ಹಗ್ಗ ಗಟ್ಟಿ ಇದ್ಯಾ ನೋಡ್ಕೋ ಅಣ್ಣ. ಅವಸರವೇನಿಲ್ಲ" ಎಂದಳು.

ಮಧ್ಯಾಹ್ನ ಬಾಟಲಿ ತೆಗೆದೆವು. ಮಾವ ಕೇಳಿದ, ಕುಡಿಯೋಣವೇ ಎಂದು. ಅವಳು ಕುಡಿಯಿರಿ ಎಂದಳು. ಪಾದ್ರಿಯೂ ಬಂದಿದ್ದ. ತಾನು ಯಾವುದೇ ಮದುವೆಗೆ ಬಂದಿಲ್ಲ, ಸುಮ್ಮನೆ ಬಂದಿದ್ದೇನೆ ಎಂದು ಎಲ್ಲರಿಗೂ ಹೇಳಿ ನೀರು ಕುಡಿದ. ಅಲ್ಲಿಗೆ ಫ್ರೆಮಾ ನಮ್ಮ ಲೆಕ್ಕದಲ್ಲಿ ಮದುವೆಯಾಗಿ, ಬಿಟ್ಟು, ಮತ್ತೆ ಮದುವೆಯಾದವಳು. ಚರ್ಚಿನ ಲೆಕ್ಕದಲ್ಲಿ ಒಮ್ಮೆ ಮದುವೆಯಾಗಿ ಸುಮ್ಮನಿದ್ದವಳು. ಇಬ್ಬರ ಲೆಕ್ಕದಲ್ಲೂ ಗಂಡ ಒಬ್ಬನೇ.

ಸಂಜೆ ಬೋಗುಣಿಯನ್ನು ಅವಳು ಯಾರ ತಲೆಗೂ ಹೊರಿಸಲಿಲ್ಲ. ತಾನೇ ಹೊತ್ತು, ಬಿಳಿ ಬಟ್ಟೆಯಲ್ಲೇ, ಹೊಸ ಮದುವಣಗಿತ್ತಿಯ ಹಾಗೆ ಬೀದಿಯ ನಡುವೆ ನಡೆದು ಹೋಗಿ ಕೊಟ್ಟು ಬಂದಳು. ಬೀದಿಯ ಹೆಂಗಸರು ಶಿಳ್ಳೆ ಹಾಕಿದರು. ಬಂದು ಅಂಗಳದಲ್ಲಿ ಕೂತು, ಏನೂ ಕಾಯುತ್ತಿಲ್ಲ ಎನ್ನುವ ಹಾಗೆ ಮೀನಿನ ಬುಟ್ಟಿ ಸರಿಮಾಡತೊಡಗಿದಳು. ನಾನೂ ಏನೂ ಕಾಯುತ್ತಿಲ್ಲ ಎನ್ನುವ ಹಾಗೆ ಅಲ್ಲೇ ಕೂತೆ.

ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಮತ್ತೆ ಶಿಳ್ಳೆ ಕೇಳಿತು. ಅದ್ದಾಯ್ ತಾನೇ ಬೋಗುಣಿ ಹಿಡಿದು ಬರುತ್ತಿದ್ದ. ನಮ್ಮೂರಿನಲ್ಲಿ ಗಂಡಸು ತೊಳೆದ ಬೋಗುಣಿ ಹಿಡಿದು ಬೀದಿಯಲ್ಲಿ ನಡೆದದ್ದನ್ನು ನಾನು ಅದೇ ಮೊದಲು ನೋಡಿದ್ದು. ಹೊಸ್ತಿಲ ಮೇಲೆ ಇಟ್ಟ.

"ಇರಲ್ಲ, ಹೊರಟೆ" ಎಂದು ಹೇಳಿ ಹೊರಟೇಬಿಟ್ಟ.

ಫ್ರೆಮಾ ಮುಚ್ಚಳ ತೆಗೆದಳು. ಒಳಗೆ ಒಂದು ಎಲೆ ಮಡಿಸಿತ್ತು, ಎಲೆಯೊಳಗೆ ಒಂದು ಚಿಟಿಕೆ ಉಪ್ಪು.

"ಈ ಕಡ್ಡಿ ಮನುಷ್ಯನ ಸೊಕ್ಕು ನೋಡ್ರೇ!" ಎಂದು ಅವಳು ಪಾದ್ರಿಯ ಮನೆಗೂ ಕೇಳುವಂತೆ ಕೂಗಿದಳು. "ನಾಳೆ ಒಂದು ಹಿಡಿ ಹಾಕ್ತೀನಿ, ತಿನ್ಲಿ!"

ಆಮೇಲೆ ಆ ಎಲೆಯನ್ನು ಮತ್ತೆ ಮಡಿಸಿ, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು, ತಾಯಿ ಸತ್ತ ದಿನ ಅಳದವಳು ಒಲೆಯ ಮುಂದೆ ಕೂತು ಅತ್ತಳು.